ಅಜ್ಜನ ಸೆರೆಶಿಬಿರದ ಕಾರ್ಡು

ಜೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಷನ್ ಬಿಸಿಯಾಗುವ ವಾಸನೆ ಬಂದರೆ ಈಗಲೂ ನಾನು ಜನ್ನಾಪುರದ ಶಾಲೆಯ ವರಾಂಡಾದಲ್ಲಿರುತ್ತೇನೆ. ಅಂದು ಮಧ್ಯಾಹ್ನ ಅಲ್ಲಿ ಫೋಟೋ ತೆಗೆದು ಮತದಾರರ ಗುರುತಿನ ಚೀಟಿ ಲ್ಯಾಮಿನೇಟ್ ಮಾಡಿಕೊಡುತ್ತಿದ್ದರು. ಅಜ್ಜನ ಬಳಿ ಹುಟ್ಟಿದ ದಾಖಲೆ ಇರಲಿಲ್ಲ, ಶಾಲೆಗೆ ಹೋದವನೂ ಅಲ್ಲ. ಒಳಜೇಬಿನಿಂದ ಅವನು ತೆಗೆದಿಟ್ಟದ್ದು ಬಟ್ಟೆಯಂತೆ ಮೆತ್ತಗಾಗಿದ್ದ ಒಂದು ಕಾರ್ಡು. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರ ಸೈನ್ಯದಲ್ಲಿದ್ದು ಸೆರೆಸಿಕ್ಕಾಗ ಜರ್ಮನರು ಶಿಬಿರದಲ್ಲಿ ಮಾಡಿದ್ದು. ಅದರಲ್ಲಿ ಎದೆಗೆ ನಂಬರ್ ಹಲಗೆ ಹಿಡಿದ, ಕೆನ್ನೆ ಬತ್ತಿದ ಯುವಕನ ಫೋಟೋ, ಕೆಳಗೆ ಹೆಬ್ಬೆಟ್ಟಿನ ಗುರುತು.

"ಕಳ್ಳನ ಥರ ಕಾಣ್ತೀರಿ, ಅದನ್ನ ತೋರಿಸ್ಬೇಡಿ ಮಾರಾಯ್ರೆ" ಎಂದು ಅಜ್ಜಿ ಬೆಳಿಗ್ಗೆಯೇ ಹೇಳಿದ್ದಳು.

ಗುಮಾಸ್ತರು ಅಜ್ಜನಿಂದ ಕಾರ್ಡಿನ ಕಥೆ ಕೇಳಿ, ಫೋಟೋವನ್ನೂ ಅಜ್ಜನ ಮುಖವನ್ನೂ ಬಹಳ ಹೊತ್ತು ನೋಡಿದರು. ಎದ್ದು ನಿಂತು, "ಬದುಕಿ ಬಂದ್ರಲ್ಲ ಯಜಮಾನ್ರೆ" ಎಂದು ತಮ್ಮ ಕುರ್ಚಿಯನ್ನೇ ಕೊಟ್ಟರು. ಆಮೇಲೆ ಹೆಬ್ಬೆಟ್ಟಿಗೆಂದು ಶಾಯಿಯ ಪ್ಯಾಡು ಮುಂದೆ ತಳ್ಳಿದರು.

ಅಜ್ಜ ಅದನ್ನು ಪಕ್ಕಕ್ಕೆ ಸರಿಸಿದ. "ಅಲ್ಲಿ ಕೈ ಹಿಡ್ದು ಒತ್ತಿಸ್ಕೊಂಡ್ರು. ಇಲ್ಲಿ ನಾನೇ ಬರೀತೀನಿ."

ನನ್ನ ಸ್ಲೇಟಿನ ಮೇಲೆ ಅವನು ಒಂದು ತಿಂಗಳು ತಿದ್ದಿ ಕಲಿತ ಹೆಸರದು. ಸಾಲಿನಲ್ಲಿದ್ದವರೆಲ್ಲ ಕಾದರು. 'ಚನ್ನವೀರಪ್ಪ' ಎಂದು ಬರೆದು ಮುಗಿಸಿ, ಒತ್ತಕ್ಷರಗಳು ಸರಿಯಿವೆಯಾ ಎಂಬಂತೆ ನನ್ನ ಮುಖ ನೋಡಿದ.

ಎರಡೂ ಸರಿಯಿದ್ದವು.