ಪಿಲಾತನ ಸೈನಿಕರ ಅಂಗಿ

“ಹದಿನೆಂಟು ವರ್ಷ ನಾವು ಸುಳ್ಳು ತೊಟ್ಟುಕೊಂಡು ನಾಟಕ ಆಡಿದ್ದೇವೆ,” ಎಂದು ಶರ್ವಿನ್ ಎಲ್ಲರೆದುರು ಹೇಳಿ, ಹನ್ನೆರಡು ಕಂದು ಕವಚಗಳನ್ನು ಇಗರ್ಜಿಯ ಸಭಾಂಗಣದ ಮೇಜಿನ ಮೇಲೆ ದೊಪ್ಪೆಂದು ಹಾಕಿದ. “ರೋಮನ್ ಸೈನಿಕರು ಚರ್ಮದ ಕವಚ ಹಾಕ್ತಿದ್ರು ಅನ್ಲಿಕ್ಕೆ ಪ್ರೂಫೇ ಇಲ್ಲ. ಎಲ್ಲ ಸಿನೆಮಾದವರ ಕಿತಾಪತಿ. ನಾನು ಚೀನಾದಿಂದ ಪಟ್ಟಿ ಪಟ್ಟಿಯ ಪ್ಲೇಟ್ ಆರ್ಮರ್ ತರಿಸಿದ್ದೇನೆ. ಪ್ಲಾಸ್ಟಿಕ್ಕೇ, ಆದ್ರೆ ನೋಡ್ಲಿಕ್ಕೆ ಉಕ್ಕೇ. ಇದೆಲ್ಲ ಇನ್ನು ಖಲಾಸ್.”

ಆ ಕವಚಗಳನ್ನು ಚರ್ಮದಂತೆ ಕಾಣುವ ರೆಕ್ಸಿನ್ನಿನಲ್ಲಿ ಹೊಲಿದ ಗರ್ಟ್ರೂಡ್ ಬಾಯಿ ಎರಡನೆಯ ಸಾಲಿನಲ್ಲೇ ಕೂತಿದ್ದಳು. ಅಬುಧಾಬಿಯ ಆಸ್ಪತ್ರೆಯೊಂದರಲ್ಲಿ ಗೌನು, ಚಾದರ ಹೊಲಿಯುವುದು ಅವಳ ಹೊಟ್ಟೆಪಾಡು. ಶುಭ ಶುಕ್ರವಾರದ ನಾಟಕದಲ್ಲಿ ರೋಮನ್ ಅಧಿಪತಿ ಪಿಲಾತನ ಅಪ್ಪಣೆಯಂತೆ ಯೇಸುವನ್ನು ಶಿಲುಬೆಗೇರಿಸುವ ಸೈನಿಕರಿಗೆ ಉಡುಪು ಹೊಲಿಯುವುದು ಅವಳ ಹೆಮ್ಮೆ. ನಿನ್ನೆ ಮೊನ್ನೆ ನಿರ್ದೇಶಕನಾದ ಈ ಹುಡುಗ ಅದಕ್ಕೆ ಸುಳ್ಳು ಅನ್ನುವುದೇ! ಅವಳ ಮೈಯೆಲ್ಲ ಉರಿದುಹೋಯಿತು.

“ನಿನ್ನ ಆ ಚೀನಾದ ಪೆಟ್ಟಿಗೆಯನ್ನು ಬರುವ ಶನಿವಾರದವರೆಗೆ ಒಡೀಬೇಡ ಮಾರಾಯ. ಪ್ರೂಫ್ ಉಂಟಾ ಇಲ್ವಾ, ನಾನೂ ನೋಡ್ತೇನೆ,” ಎಂದಳು.

“ನೀವೆಂತ ನೋಡೂದು ಆಂಟಿ? ಯೂಟ್ಯೂಬಲ್ಲಿ ಎಲ್ಲ ಉಂಟು.”

“ನಂಗೆ ಓದ್ಲಿಕ್ಕೂ ಬರ್ತದೆ.”

ಊಟದ ಬಿಡುವಿನಲ್ಲಿ ಆಸ್ಪತ್ರೆಯ ಲಿನನ್ ರೂಮಿನ ಮೂಲೆ ಹಿಡಿದು ಫೋನಿನಲ್ಲಿ ಓದಿದ್ದೇ ಓದಿದ್ದು. ಕನ್ನಡಕ ಒರೆಸುವುದು, ಮತ್ತೆ ಓದುವುದು. ಎರಡನೆಯ ದಿನ ಎಲೆಕ್ಟ್ರಾ ಸ್ಟ್ರೀಟಿನ ಮೊಯ್ದೀನ್‌ನ ಅಂಗಡಿಗೆ ಓಡಿದಳು. ಅವಳಿಗೆ ರೆಕ್ಸಿನ್ ಕೊಡುತ್ತಿದ್ದವನು ಅವನೇ. ಮಂಗಳೂರು ಬಂದರಿನಲ್ಲಿ ಅವನ ಅಪ್ಪ ತೊಗಲಿನ ವ್ಯಾಪಾರ ಮಾಡಿದವರು, ಮಗ ಇಲ್ಲಿ ಬ್ಯಾಗು ಬೆಲ್ಟು ಹೊಲಿಯುತ್ತಾನೆ.

“ಚರ್ಮ ಮಣ್ಣಲ್ಲಿ ಕೊಳೀತದಲ್ಲ ಮೊಯ್ದೀನ್? ಕಬ್ಬಿಣ ಉಳೀತು, ಚರ್ಮ ಹೋಯ್ತು. ಅದಕ್ಕೇ ಸಿಗಲಿಲ್ಲ. ಹೌದಲ್ವಾ?”

ಮೊಯ್ದೀನ್ ಅವಳ ಫೋನು ತೆಗೆದುಕೊಂಡು ಮೇಲಿಂದ ಕೆಳಗೆ ಓದಿದ. “ಅವರ ಬೂಟು ಸಾವಿರಗಟ್ಲೆ ಸಿಕ್ಕಿದೆ ಅಂತ ಇಲ್ಲೇ ಉಂಟಲ್ಲ. ಟೆಂಟಿನ ತೊಗಲೂ ಸಿಕ್ಕಿದೆ. ಬೂಟು ಉಳಿದ ಕೆಸರಲ್ಲಿ ಕವಚ ಮಾತ್ರ ಕೊಳೆಯೂದಾ?”

“ಮತ್ತೆ ರೋಮಿನ ಕಲ್ಲಿನ ಮೂರ್ತಿಗಳ ಮೈಮೇಲಿನ ಕವಚ? ಎದೆ, ಹೊಟ್ಟೆ ಎಲ್ಲ ಅಚ್ಚು ಹೊಡೆದ ಹಾಗೆ ಉಂಟು, ಸೊಂಟದಲ್ಲಿ ಮೆತ್ತಗೆ ಬಾಗಿದೆ. ಅದು ಚರ್ಮ ಅಲ್ವಾ?”

ಅವನು ಎರಡು ತುಂಡು ತೊಗಲು ತಂದು ಅವಳ ಕೈಗಿತ್ತ. “ಇದು ಬಿಸಿನೀರಲ್ಲಿ ಅದ್ದಿ ಅಚ್ಚಿಗೆ ಬಡಿದದ್ದು. ಬಗ್ಗಿಸಿ ನೋಡಿ, ಬಗ್ಗೂದಿಲ್ಲ. ಈ ಇನ್ನೊಂದು ಬಗ್ತದೆ, ಆದ್ರೆ ಇದ್ರಲ್ಲಿ ಅಚ್ಚು ನಿಲ್ಲೂದಿಲ್ಲ. ಎರಡೂ ಒಟ್ಟಿಗೆ ಬೇಕಾದ್ರೆ ಕಲ್ಲಲ್ಲಿ ಕೆತ್ತಬೇಕಷ್ಟೆ, ಬಾಯಿ. ಬೇಜಾರು ಮಾಡ್ಬೇಡಿ.”

ಬೇಜಾರಾಗದೆ ಇರುತ್ತದೆಯೇ? ಅವನನ್ನು ಬೈಯಬೇಕೆನಿಸಿತು, ಬೈಯಲು ದಾರಿಯಿರಲಿಲ್ಲ. ಮನೆಗೆ ಬಂದು ಹಟ ಹಿಡಿದು ಮತ್ತೆ ಹುಡುಕಿದಳು. ಈಜಿಪ್ಟಿನಲ್ಲಿ ಒಂದು ಮೊಸಳೆ ಚರ್ಮದ ಕವಚ, ಸಿರಿಯಾದಲ್ಲಿ ಹಸಿ ತೊಗಲಿನ ತೊಡೆಗಾಪು. ಎರಡೂ ಯೇಸುವಿನ ಕಾಲಕ್ಕಿಂತ ಎಷ್ಟೋ ಈಚಿನವು. ಒಂದು ಮೊಸಳೆಯನ್ನು ಹಿಡಿದುಕೊಂಡು ಹನ್ನೆರಡು ಮಂದಿ ಸೈನಿಕರಿಗೆ ಬಟ್ಟೆ ಹೊಲಿಯಲಾಗುತ್ತದೆಯೇ? ಆದರೆ ಅಷ್ಟಕ್ಕೆ ಬಿಡುವ ಹೆಂಗಸೇ ಅವಳು? ತನ್ನ ಕವಚವನ್ನು ತೂಗಿದ ತಕ್ಕಡಿಯಲ್ಲೇ ಶರ್ವಿನ್‌ನ ಪ್ಲೇಟ್ ಆರ್ಮರನ್ನೂ ಇಟ್ಟಳು.

ಶನಿವಾರ ಸಭಾಂಗಣ ತುಂಬಿತ್ತು. ಗರ್ಟ್ರೂಡ್ ಬಾಯಿ ಎದ್ದು ನಿಂತಳು.

“ಶರ್ವಿನ್ ಹೇಳಿದ್ದು ಸರಿ. ಚರ್ಮಕ್ಕೆ ಸಾಕ್ಷಿ ಸಾಲದು. ನಂದು ತಪ್ಪು,” ಎಂದಳು. ಶರ್ವಿನ್ ನಕ್ಕು ಪೆಟ್ಟಿಗೆಗೆ ಕೈ ಹಾಕಿದ.

“ನಿಲ್ಲು, ನಿಂದು ಬಾಕಿ ಉಂಟು. ಪಿಲಾತನ ಕೈಕೆಳಗೆ ಇದ್ದದ್ದು ರೋಮಿನ ಖಾಸಾ ದೊಡ್ಡ ದಂಡು ಲೀಜನ್ ಅಲ್ಲ, ಅಲ್ಲೇ ಆಸುಪಾಸಿನಲ್ಲಿ ಸೇರಿಸಿಕೊಂಡ ಪಡೆ. ನಿನ್ನ ಪಟ್ಟಿ ಪಟ್ಟಿಯ ಕವಚ ಜಾಸ್ತಿ ಸಿಕ್ಕಿದ್ದು ಯುರೋಪಿನಲ್ಲಿ, ಲೀಜನ್ನಿನ ಕ್ಯಾಂಪುಗಳಲ್ಲಿ. ಜೆರುಸಲೇಮಿನ ಇವರು ಅದನ್ನು ಹಾಕಿದ್ದಕ್ಕೆ ಪ್ರೂಫ್ ತೋರಿಸು ನೋಡುವ.”

ಶರ್ವಿನ್ ಫೋನು ತೆಗೆದ, ಬೆರಳಾಡಿಸಿದ, ಒಳಗಿಟ್ಟ. ಯಾರೋ ಹಿಂದಿನಿಂದ ಕಿಸಕ್ಕೆಂದರು. “ಹಾಗಾದ್ರೆ ಸೈನಿಕರು ಎಂತ ಹಾಕೂದು ಆಂಟಿ, ಬನಿಯಾನಾ?” ಎಂದ ಶರ್ವಿನ್.

ಅವಳು ಚೀಲದಿಂದ ಬೂದು ನೂಲಿನ ಕ್ರೋಶಾ ಹೆಣಿಗೆಯ ತುಂಡೊಂದನ್ನು ತೆಗೆದು ಹರವಿದಳು. “ಕಬ್ಬಿಣದ ಬಳೆ ಬಳೆ ಹೆಣೆದ ಅಂಗಿ. ಅಂಥದ್ದು ಸಿಕ್ಕಿದೆ, ಸೈನಿಕರ ಗೋರಿಕಲ್ಲಿನಲ್ಲೂ ಕೆತ್ತಿದ್ದಾರೆ. ನಾವು ಅದನ್ನು ನೂಲಲ್ಲಿ ಹೆಣೆಯುವ. ಕಾನ್ವೆಂಟಿನಲ್ಲಿ ಕ್ರೋಶಾ ಕಲಿಯದ ಹೆಂಗಸು ಇಲ್ಲಿ ಯಾರಿದ್ದೀರಿ? ನಾಟಕಕ್ಕೆ ಇನ್ನೂ ನಾಲ್ಕು ವಾರ ಉಂಟು.”

“ಅವರು ಇದನ್ನೇ ಹಾಕಿದ್ರು ಅಂತ ಗ್ಯಾರಂಟಿ ಉಂಟಾ?”

“ಇಲ್ಲ. ಹಾಕಿದ್ದಿರಬಹುದು ಅಂತ ಮಾತ್ರ ಹೇಳ್ತೇನೆ. ಗ್ಯಾರಂಟಿ ಕೊಟ್ಟದ್ದು ನೀನು.”

ಹಾಗೆಂದವಳೇ ದೊಡ್ಡ ಕತ್ತರಿ ತೆಗೆದು, ಮೇಜಿನ ಮೇಲಿದ್ದ ತನ್ನ ಮೊದಲ ಕವಚವನ್ನು ಕುತ್ತಿಗೆಯಿಂದ ಸೊಂಟದವರೆಗೆ ಕರಕರನೆ ಸೀಳಿದಳು. ಕಣ್ಣು ತುಂಬಿತು, ನಿಲ್ಲಿಸಲಿಲ್ಲ. ಹನ್ನೆರಡೂ ಮುಗಿದ ಮೇಲೆ ಕತ್ತರಿಯನ್ನು ಮೇಜಿನ ಮೇಲೆ ಶರ್ವಿನ್‌ನ ಪೆಟ್ಟಿಗೆಯತ್ತ ತಳ್ಳಿದಳು.

“ನಂದಾಯ್ತು. ಈಗ ನಿಂದು.”