ಮನೆಯಲ್ಲಿ ಉಳಿದ ಸದ್ದು

ಸತ್ತವರು ಬದುಕಿದ್ದಾಗ ಅತಿ ಹೆಚ್ಚು ಮಾಡಿದ ಸದ್ದೊಂದು ಅವರ ಮನೆಯಲ್ಲಿ ಉಳಿಯುತ್ತದೆ. ಪಕ್ಕದ ಮನೆಯ ಅಜ್ಜಿಯದು ನಗು, ಎದುರು ಮನೆಯ ಮಾಸ್ತರರದು ಶಿಳ್ಳೆ. ನಾಳೆಯಿಂದ ಸಿಗರೇಟು ಬಿಡುತ್ತೇನೆ ಎನ್ನುತ್ತಲೇ ಮೂವತ್ತೆಂಟಕ್ಕೆ ತೀರಿಕೊಂಡ ನೀಲಾಂಬಿಕೆಯ ಗಂಡನದು ಬರೀ ಕೆಮ್ಮು.

ತಿಂಗಳಾದ ಮೇಲೆ ಸದ್ದು ಅಳಿಸುವವನು ಬಂದ.

"ಅವರ ಒಂದಾರ ಮಾತು ಉಳದೈತೇನಪಾ?" ಎಂದು ನೀಲಾಂಬಿಕೆ ಕೇಳಿದಳು.

"ಇಲ್ರೀ ಅಕ್ಕಾರ, ಇದೊಂದ. ತಗದ್ರ ಮತ್ತ ಬರಂಗಿಲ್ಲ. ಇರ್ಲೇನ್ರಿ?"

ಇರಲಿ ಎನ್ನಲು ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಪಡಸಾಲೆಯಲ್ಲಿ ಕೆಮ್ಮು ಕೇಳಿಸಿತು. ಮೂರು ವರ್ಷದ ಮಗಳು ಇಂಚರಾ ಆಟಿಕೆ ಬಿಟ್ಟು ಎದ್ದು, "ಅಪ್ಪಾ!" ಎಂದು ನಕ್ಕಳು. ಆಮೇಲೆ, ದಿನವಿಡೀ ಮಾಡುವಂತೆ, ಎದೆ ಹಿಡಿದುಕೊಂಡು ಅವನ ಹಾಗೆಯೇ ಕೆಮ್ಮಿ ಉತ್ತರ ಕೊಟ್ಟಳು.

"ತಗದ ಬಿಡಪಾ," ಎಂದಳು ನೀಲಾಂಬಿಕೆ.