ದವಡೆಹಲ್ಲಿನ ಪರವಾಗಿ

ಮಾತಿಗೆ ನಿಂತರೆ ಎದುರಾಳಿಯ ಕೈಯಲ್ಲೂ ಚಪ್ಪಾಳೆ ಹೊಡೆಸುತ್ತಿದ್ದ ಭಾಷಣಕಾರ ಷಡಕ್ಷರಪ್ಪನವರಿಗೆ ಇದ್ದದ್ದು ಒಂದೇ ಭಯ, ಹಲ್ಲು ಕೀಳುವ ಇಕ್ಕಳದ್ದು. ಕೆನ್ನೆ ಬನ್ನಿನಂತೆ ಊದಿಕೊಂಡಾಗ ಹೆಂಡತಿಯೇ ಎಳೆದು ತಂದು ಹಲ್ಲಿನ ಡಾಕ್ಟರಮ್ಮನ ಕುರ್ಚಿಯಲ್ಲಿ ಕೂರಿಸಿದಳು.

ಇಕ್ಕಳ ಕಂಡದ್ದೇ ತಡ, ಅವರು ಕೈ ಎತ್ತಿದರು.

"ಒಂದ್ನಿಮಿಷ ತಾಯಿ. ಜೀವಮಾನವೆಲ್ಲ ಮೈಕಿನ ಮುಂದೆ ನಿಂತವನು ನಾನು, ಸುಳ್ಳಾಡೋನಲ್ಲ. ತಲೆ ನೋವು ಅಂತ ಬಂದವರ ತಲೆ ತೆಗೀತೀರಾ? ಮತ್ತೆ ಈ ಹಲ್ಲು ಮಾಡಿದ ತಪ್ಪೇನು? ನಮ್ಮವ್ವ ಕಡೇ ಸಲ ತಟ್ಟಿಕೊಟ್ಟ ರೊಟ್ಟಿ ಜಗಿದ ಹಲ್ಲಮ್ಮಾ ಇದು!"

ಡಾಕ್ಟರಮ್ಮನ ಕಣ್ಣು ತುಂಬಿ ಬಂತು. ಹೊರಗೆ ಸರದಿ ಕಾಯುತ್ತಿದ್ದವರು ಜೋರಾಗಿ ಚಪ್ಪಾಳೆ ತಟ್ಟಿದರು. ಆಮೇಲೆ ತಂತಮ್ಮ ಕೆನ್ನೆ ಹಿಡಿದುಕೊಂಡು ಮನೆಗೆ ಹೊರಟುಹೋದರು.

ಗೆದ್ದ ಖುಷಿಯಲ್ಲಿ ನಗಲೆಂದು ಬಾಯಿ ತೆರೆದರೆ ನೋವು ಚುಚ್ಚಿಕೊಂಡು ನೆತ್ತಿಗೇರಿತು. ಷಡಕ್ಷರಪ್ಪನವರು ಡಾಕ್ಟರಮ್ಮನ ಎರಡೂ ಕೈ ಹಿಡಿದುಕೊಂಡರು.

"ಅಯ್ಯೋ, ತಡೆಯೋಕಾಗ್ತಿಲ್ಲ! ನಾನೇನೋ ಹೆದರಿಕೊಂಡು ಮಾತಿಗೆ ಅಂದೆ. ಕಿತ್ತುಬಿಡಿ ತಾಯಿ!"

ಡಾಕ್ಟರಮ್ಮ ಇಕ್ಕಳವನ್ನು ಕಿಟಕಿಯಾಚೆ ಎಸೆದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಇನ್ನು ಈ ಜನ್ಮದಲ್ಲಿ ಯಾರ ಹಲ್ಲಿಗೂ ಕೈ ಹಾಕಲ್ಲ ಸಾರ್, ನನ್ನ ಕಣ್ಣು ತೆರೆಸಿಬಿಟ್ಟಿರಿ."